ಶರೀಫಾಬಿಯ ನವಿಲುಗಳಿಗೆ ಬಿದ್ದ ಬೀಗ

ನವಲಗುಂದದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ಬರೆಸದೆ ಬಿಟ್ಟ ಕೆಲಸ ಇನ್ನೊಂದಿದೆ, ದಿನದ ಅರ್ಧ ಅದಕ್ಕೇ ಹೋಗುತ್ತದೆ: ಜಗಳ. ಪಾಸ್‌ವರ್ಡ್ ತಾವು ಮರೆತು ನನ್ನನ್ನು ಬೈಯುವವರು, ಫೋಟೋದಲ್ಲಿ ಮುಖ ಕಪ್ಪಾಗಿದ್ದಕ್ಕೆ ಪ್ರಿಂಟರ್ ಮೇಲೆ ಸಿಟ್ಟಾಗುವವರು, ಇಂಥವರ ನಡುವೆ ಹದಿನಾಲ್ಕು ವರ್ಷ ಕಳೆದಿದ್ದೇನೆ. ಈ ಮಲ್ಲಿಕಾಳ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆ ಬಾಯಿ ಮುಚ್ಚಿಸಬಲ್ಲವರು ಊರಿನಲ್ಲಿ ಒಬ್ಬರೇ, ಜಮಖಾನ ನೇಯುವ ಶರೀಫಾಬಿ.

ಶರೀಫಾಬಿಗೆ ಈಗ ಅರವತ್ತೆರಡು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದು ಅಂಗಡಿಯ ಬೆಂಚಿನ ಮೇಲೆ ಕೂತರೆ, ಸರತಿಯಲ್ಲಿ ನಿಂತವರು ತಾವಾಗಿಯೇ ಸ್ವಲ್ಪ ಸರಿಯುತ್ತಾರೆ. ಹುಟ್ಟಿದ್ದು ಯಮನೂರಿನಲ್ಲಿ, ಕೂಲಿಯವರ ಮನೆಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ನವಲಗುಂದಕ್ಕೆ ಬಂದರು. ‘ಯಮನೂರಾಗ ಹತ್ತಿ ಬಿಡಿಸಾಕ ಕಲ್ತಿದ್ದೆ. ಆ ಹತ್ತ್ಯಾಗ ನವಿಲ ಇರ್ತಾವು ಅಂತ ನಮ್ಮ ಅತ್ತಿ ತೋರಿಸಿದ್ಲು’ ಎನ್ನುತ್ತಾರೆ. ಅತ್ತೆಯ ಹೆಸರು ಶಮೀಮಾಬಿ. ಮೊದಲ ವರ್ಷ ಸೊಸೆಗೆ ನೂಲು ಸುತ್ತುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲವಂತೆ. ಎರಡನೆಯ ವರ್ಷ ಪಕ್ಕದಲ್ಲಿ ಕೂರಲು ಬಿಟ್ಟರು. ಮೂರನೆಯ ವರ್ಷ ಕಬ್ಬಿಣದ ಹಣಿಗೆಯನ್ನು ಕೈಗೆ ಕೊಟ್ಟು, ಎಳೆಗಳನ್ನು ಬಡಿದು ಕೂಡಿಸುವುದನ್ನು ಹೇಳಿಕೊಟ್ಟರು. ಅಲ್ಲಿಂದ ನಲವತ್ತು ವರ್ಷಕ್ಕೂ ಮೇಲೆ ಆ ಹಣಿಗೆ ಶರೀಫಾಬಿಯ ಕೈಬಿಟ್ಟಿಲ್ಲ.

ಅವರ ಮನೆಯಲ್ಲೊಂದು ಕಟ್ಟಳೆ ಇತ್ತು. ಈ ವಿದ್ಯೆ ಅತ್ತೆಯಿಂದ ಸೊಸೆಗೆ ಹೋಗಬೇಕು, ತಾಯಿಯಿಂದ ಮಗಳಿಗಲ್ಲ. ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ಅವಳ ಜೊತೆ ವಿದ್ಯೆಯೂ ಹೋಗಿಬಿಡುತ್ತದೆ ಎಂಬ ಭಯ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮವರೂ ಹೇಳುತ್ತಾರೆ, ಆದರೆ ಹಬ್ಬ ಬಂದಾಗ ಮರೆತು ಕರೆಯುತ್ತಾರೆ. ಇವರು ಮರೆಯಲಿಲ್ಲ. ಮಗ್ಗದ ಕೋಣೆಗೆ ಮಗಳಿಗೂ ಪ್ರವೇಶವಿಲ್ಲ, ಹೊರಗಿನವರಿಗಂತೂ ಇಲ್ಲವೇ ಇಲ್ಲ. ಹತ್ತು ವರ್ಷದಿಂದ ಆ ಮನೆಗೆ ಹೋಗಿಬರುತ್ತಿದ್ದೇನೆ. ಅಂಗಳದಲ್ಲಿ ಕೂರಿಸಿ ಚಹಾ ಕೊಡುತ್ತಾರೆ, ಒಳಗಿನಿಂದ ಹಣಿಗೆಯ ಧಪ್ ಧಪ್ ಸದ್ದು ಕೇಳುತ್ತದೆ, ಅಷ್ಟೇ. ಕೋಣೆಯ ಬಾಗಿಲ ಪರದೆ ಯಾವ ಬಣ್ಣದ್ದೆಂದು ಕೇಳಿ, ಹೇಳುತ್ತೇನೆ. ಅದರಾಚೆ ಏನಿದೆ ಎಂದು ಕೇಳಬೇಡಿ.

ಈ ಕಟ್ಟಳೆಯಲ್ಲಿ ಒಂದು ತೊಂದರೆ ಇತ್ತು. ಶರೀಫಾಬಿಗೆ ಸೊಸೆ ಇಲ್ಲ. ಗಂಡು ಮಕ್ಕಳೇ ಇಲ್ಲ. ಇರುವುದು ಒಬ್ಬಳೇ ಮಗಳು, ಶಗುಫ್ತಾ. ಹಾಗಾದರೆ ಮುಂದೇನು ಎಂದು ಅವರ ಗಂಡ ದಾವೂದಸಾಬರು ಕೇಳಲಿಲ್ಲ, ನೆರೆಯವರು ಕೇಳಲಿಲ್ಲ. ನಾನು ಕೇಳಿದೆ. ಶರೀಫಾಬಿ ಹದಿನೈದು ದಿನ ನನ್ನ ಅಂಗಡಿಯ ಕಡೆ ಮುಖ ಹಾಕಲಿಲ್ಲ.

ಇಂಥವರು ಕಂಪ್ಯೂಟರಿಗೆ ಹೇಗೆ ಬಂದರು ಎಂದರೆ, ನಾಲ್ಕು ವರ್ಷದ ಹಿಂದೆ ನೇಕಾರ ಹೆಣ್ಣುಮಕ್ಕಳ ಸಂಘದಲ್ಲಿ ಹತ್ತು ದಿನದ ತರಬೇತಿ ನಡೆಯಿತು. ಕಲಿಸಲು ನನ್ನನ್ನು ಕರೆದಿದ್ದರು. ಶರೀಫಾಬಿ ಮೊದಲ ಸಾಲಿನಲ್ಲಿ ಕೂತರು. ಮೌಸನ್ನು ಎರಡು ಸಲ ಒತ್ತಬೇಕು ಎಂದೆ.

‘ಯಾಕ? ಒಮ್ಮೆ ಹೇಳಿದ್ರ ಕೇಳಂಗಿಲ್ಲೇನ ಅದು?’ ಎಂದರು.

‘ಕೇಳಂಗಿಲ್ರಿ ಖಾಲಾ’ ಎಂದೆ. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ.

‘ಹಂಗಾದ್ರ ನಮ್ಮ ಮನ್ಯಾಗಿನ ಮುದುಕನ ತಮ್ಮನ ಇರಬೇಕು.’

ನಾಲ್ಕನೆಯ ದಿನ ಎಕ್ಸೆಲ್ ತೋರಿಸಿದೆ. ಅಡ್ಡ ಗೆರೆ, ಉದ್ದ ಗೆರೆ, ಪರದೆ ತುಂಬ ಸಣ್ಣ ಸಣ್ಣ ಚೌಕ. ಮಿಕ್ಕವರು ಆಕಳಿಸುತ್ತಿದ್ದರು. ಶರೀಫಾಬಿ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಂದರು. ‘ಏ ಮಲ್ಲಿಕಾ, ಇದು ಮಗ್ಗ ಅಲ್ಲೇನ ಬೇ? ಹಾಸು ಹೊಕ್ಕು ಎರಡೂ ಐತಲ್ಲ!’ ಒಂದು ಚೌಕಕ್ಕೆ ಬಣ್ಣ ತುಂಬುವುದನ್ನು ತೋರಿಸಿದೆ. ಅವತ್ತು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಒಂದು ಪಗಡೆಯ ಪಟ ಮೂಡಿತ್ತು, ಕೆಂಪು ಬಿಳಿ ಕಪ್ಪಿನಲ್ಲಿ.

ಅದಕ್ಕೆ ಕಾರಣವೂ ಇತ್ತು. ಶಮೀಮಾಬಿ ಬಿಟ್ಟುಹೋದ ನಕ್ಷೆಗಳು, ಅಂದರೆ ಯಾವ ಸಾಲಿನಲ್ಲಿ ಯಾವ ಬಣ್ಣ ಎಷ್ಟು ಎಳೆ ಎಂದು ಚೌಕದ ಹಾಳೆಯ ಮೇಲೆ ಬರೆದಿಟ್ಟವು, ಟ್ರಂಕಿನಲ್ಲಿದ್ದವು. ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಉಳಿದದ್ದನ್ನು ಉಳಿಸಬೇಕಿತ್ತು. ಶಗುಫ್ತಾ ಆಗ ಬಿ.ಕಾಂ. ಓದುತ್ತಿದ್ದಳು, ಅವಳ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ತಾಯಿ ಮಗಳು ಅಂಗಳದಲ್ಲಿ ಕೂತರು. ತಾಯಿ ತೂತುಬಿದ್ದ ಹಾಳೆಯನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸುತ್ತ ಹೇಳುವುದು: ‘ಕೆಂಪು ಮೂರು, ಬಿಳಿ ಎರಡು, ಹಸರ ಒಂದು, ಮತ್ತ ಕೆಂಪು ಮೂರು.’ ಮಗಳು ಚೌಕಗಳಿಗೆ ಬಣ್ಣ ತುಂಬುವುದು. ಎಂಟು ತಿಂಗಳಲ್ಲಿ ನಲವತ್ತಮೂರು ನಕ್ಷೆ ಲ್ಯಾಪ್‌ಟಾಪಿಗೆ ಹೋದವು. ಹಾಳೆಗಳು ಮಳೆಗಾಲದಲ್ಲಿ ಪೂರ್ತಿ ಪುಡಿಯಾದವು.

‘ಮಗಳಿಗೆ ತೋರಸಂಗಿಲ್ಲ ಅಂತಿದ್ರಲ್ರಿ ಖಾಲಾ?’ ಎಂದು ನಾನು ಕೇಳದೆ ಬಿಡಲಿಲ್ಲ.

‘ಕಂಪ್ಯೂಟರ್ ಏನ್ ಮಗ್ಗ ಅಲ್ಲ’ ಎಂದರು. ತಾವೇ ಮಗ್ಗ ಎಂದದ್ದನ್ನು ನೆನಪಿಸುವಷ್ಟು ಧೈರ್ಯ ನನಗಿರಲಿಲ್ಲ.

ಹೋದ ವರ್ಷಕ್ಕೆ ಮುಂಚಿನ ವರ್ಷ ಶಗುಫ್ತಾಳ ಮದುವೆಯಾಯಿತು. ಅಣ್ಣಿಗೇರಿಗೆ ಹೋದಳು. ಅಲ್ಲಿ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಲ್ಯಾಪ್‌ಟಾಪನ್ನು ತಾಯಿಗೇ ಬಿಟ್ಟುಹೋದಳು. ಅದರಲ್ಲಿ ತನ್ನ ಹೆಸರಿನ ಖಾತೆಯ ಜೊತೆ ತಾಯಿಯ ಹೆಸರಿನದೊಂದು ಖಾತೆಯನ್ನೂ ಮಾಡಿಕೊಟ್ಟಿದ್ದಳು, ತೆರೆದರೆ ನೇರ ಒಳಗೆ ಹೋಗುವಂತೆ.

ಮದುವೆಗೆ ನಾಲ್ಕು ದಿನವಿದ್ದಾಗ ಶರೀಫಾಬಿ ನನ್ನ ಅಂಗಡಿಗೆ ಬಂದಿದ್ದರು. ಅವತ್ತು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಅಂಗಡಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ‘ಒಂದು ಫೋಲ್ಡರ್ ಯಾರೂ ನೋಡದಂಗ ಮಾಡೋದು ಹ್ಯಾಂಗ?’ ಎಂದು ಕೇಳಿದರು. ನಾನು ತಲೆಯೆತ್ತದೆ ಹೇಳಿದೆ: ಬಲಗಡೆಯ ಗುಂಡಿ ಒತ್ತಿ, ಸೆಕ್ಯುರಿಟಿಗೆ ಹೋಗಿ, ಎವ್ರಿವನ್ ಅಂದರೆ ಎಲ್ಲರೂ, ಅದನ್ನು ಸೇರಿಸಿ, ಡಿನೈ ಅಂದರೆ ಬಿಡಬೇಡ, ಆ ಸಾಲಿಗೆ ಗುರುತು ಹಾಕಿ. ಒಂದು ಹಾಳೆಯ ಹಿಂದೆ ಬರೆದೂ ಕೊಟ್ಟೆ. ಯಾಕೆ, ಯಾವ ಫೋಲ್ಡರ್, ಯಾರಿಂದ ಮುಚ್ಚಬೇಕು, ಒಂದನ್ನೂ ಕೇಳಲಿಲ್ಲ. ಊರವರಿಗೆಲ್ಲ ಅವಸರ ಮಾಡಬೇಡಿ ಎಂದು ಬೈಯುವ ನಾನು ಅವತ್ತು ಮಾಡಿದ್ದು ಅದೇ. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು.

ಕಳೆದ ತಿಂಗಳು ಒಂದು ಗುರುವಾರ ಶರೀಫಾಬಿ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ನೇರ ಮೇಜಿನ ಮೇಲಿಟ್ಟರು.

‘ತಗೀವಲ್ದು.’

‘ಏನ್ ತಗೀವಲ್ದ್ರಿ?’

‘ನನ್ನ ನವಿಲ.’

ನಲವತ್ತಮೂರು ನಕ್ಷೆಗಳಲ್ಲಿ ಒಂದು ಶಮೀಮಾಬಿಯ ನವಿಲುಗಳದು. ಮೂವತ್ತೆರಡು ನವಿಲು, ಒಂದರಂತೆ ಒಂದಿಲ್ಲ. ಶರೀಫಾಬಿ ಅದನ್ನು ಅತ್ತೆಯ ಜೊತೆ ಕೂತು ಒಂದೇ ಒಂದು ಸಲ ನೇಯ್ದಿದ್ದರು, ಇಪ್ಪತ್ತೆರಡರ ಹರೆಯದಲ್ಲಿ. ಅಂಚಿನ ನವಿಲುಗಳು ನೆನಪಿವೆ, ನಡುವಿನ ಹದಿನಾರು ನೆನಪಿಲ್ಲ. ಹುಬ್ಬಳ್ಳಿಯ ಡಾಕ್ಟರರು ಹೆಬ್ಬೆರಳಿನ ಕೀಲು ಸವೆದಿದೆ, ಇನ್ನು ಮಗ್ಗ ಸಾಕು ಎಂದಿದ್ದರು. ಇವರು ಮನೆಗೆ ಬಂದವರೇ ಮಗ್ಗಕ್ಕೆ ಹೊಸ ಹಾಸು ಹಾಕಿಸಿದರು. ಬೆರಳು ಕೈಕೊಡುವ ಮೊದಲು ಆ ನವಿಲುಗಳನ್ನು ಇನ್ನೊಂದು ಸಲ ನೇಯಬೇಕು. ಹಾಸಿನ ನೂಲು ಬಿಗಿದು ನಿಂತಿದೆ, ನಕ್ಷೆ ಮಾತ್ರ ಇಲ್ಲ. ಅದು ಈ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಫೋಲ್ಡರಿನ ಮೇಲೆ ಒತ್ತಿದೆ. ನಿಮಗೆ ಅನುಮತಿ ಇಲ್ಲ ಎಂದಿತು.

‘ನನಗ ಅನುಮತಿ ಇಲ್ಲಂತ?’ ಶರೀಫಾಬಿ ಪರದೆಯತ್ತ ಬೆರಳು ತೋರಿಸಿದರು. ‘ನನ್ನ ಮನಿ, ನನ್ನ ಅತ್ತಿ, ನನ್ನ ನವಿಲ. ಅನುಮತಿ ಇಲ್ಲ ಅನ್ನಾಕ ಇದ್ಯಾರು?’

ಆಗ ನನಗೆ ಆ ವಿದ್ಯಾರ್ಥಿವೇತನದ ದಿನ ನೆನಪಾಯಿತು. ‘ಖಾಲಾ, ಅವತ್ತು ನಾ ಬರದ ಕೊಟ್ಟಿದ್ದೆನಲ್ಲ, ಅದನ್ನ ಇದಕ್ಕ ಮಾಡಿದ್ರೇನು?’

‘ಹೂಂ ಮತ್ತ. ಎಲ್ಲಾರಿಗೂ ಬಂದ್ ಮಾಡಿದ್ನಿ. ಅದು ಒಮ್ಮೆ ಕೇಳ್ತು, ಖರೇನ ಮಾಡ್ಲೇನು ಅಂತ. ಮಾಡು ಅಂದ್ನಿ.’

‘ಎಲ್ಲಾರಿಗೂ ಅಂದ್ರ ನೀವೂ ಬಂದ್ರಿ ಅದರಾಗ.’

ಅವರಿಗೆ ನಂಬಿಕೆಯಾಗಲಿಲ್ಲ. ‘ನಾನ ಹಾಕಿದ ಬೀಗ ನನಗ ಹ್ಯಾಂಗ ಬೀಳ್ತೈತಿ?’

ಕೂರಿಸಿ ಹೇಳಿದೆ. ಪ್ರತಿ ಫೋಲ್ಡರಿಗೂ ಒಂದು ಹೆಸರಿನ ಪಟ್ಟಿ ಇರುತ್ತದೆ. ಹೆಸರಿನ ಮುಂದೆ ಬಿಡು ಎಂದೊಂದು ಸಾಲು, ಬಿಡಬೇಡ ಎಂದೊಂದು ಸಾಲು. ಓದಲು ಬಿಡಬಹುದು, ತಿದ್ದಲು ಬಿಡದೆ ಇರಬಹುದು, ಎಲ್ಲ ನಮ್ಮ ಇಷ್ಟ. ಆದರೆ ಒಬ್ಬರಿಗೇ ಬಿಡು ಎಂದೂ ಬಿಡಬೇಡ ಎಂದೂ ಎರಡೂ ಬಿದ್ದರೆ, ಬಿಡಬೇಡ ಎನ್ನುವುದೇ ಗೆಲ್ಲುತ್ತದೆ. ಎಲ್ಲರೂ ಎಂದರೆ ಅದಕ್ಕೆ ನಿಜವಾಗಿಯೂ ಎಲ್ಲರೂ. ಮನೆಯವರನ್ನು ಬಿಟ್ಟು ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡದ್ದು ಅದಕ್ಕೆ ಕೇಳಿಸುವುದಿಲ್ಲ. ಎಲ್ಲರೂ ಹೊರಗೆ ಎಂದು ಕೂಗಿ, ತಾವೂ ಹೊರಗೆ ನಿಂತು ಬಾಗಿಲು ಎಳೆದುಕೊಂಡ ಹಾಗೆ ಆಗಿದೆ.

‘ತಗೀ ಹಂಗಾರ. ಗುರುತು ಅಳಸು.’

‘ನಿಮ್ಮ ಖಾತೇದಿಂದ ಅಳಸಾಕ ಬರಂಗಿಲ್ರಿ. ಬಿಡಬ್ಯಾಡ ಅನ್ನೂದ್ರಾಗ ಪಟ್ಟಿ ತಿದ್ದಾಕೂ ಬಿಡಬ್ಯಾಡ ಅಂತ ಬಂತು. ಈಗ ಅದನ್ನ ಅಳಸಾಕ ಬರೂದು ಮಾಲಕರಿಗೆ. ಮಾಲಕರಿಗೂ ಈಗ ಓದಾಕ ಬರಂಗಿಲ್ಲ, ಆದ್ರ ಬೀಗ ತಗಿಯೂ ಹಕ್ಕು ಅವರಿಗೆ ಯಾವಾಗ್ಲೂ ಇರ್ತೈತಿ.’

‘ಮಾಲಕರು ನಾನs ಅಲ್ಲೇನ?’

ನೋಡಿದೆ. ಮಾಲಕರ ಹೆಸರು ತೋರಿಸಲು ಆಗುವುದಿಲ್ಲ ಎಂದಿತು. ಅದನ್ನೂ ಮುಚ್ಚಿದ್ದರು ಪುಣ್ಯಾತ್ಗಿತ್ತಿ. ಆಮೇಲೆ ಆ ಫೋಲ್ಡರ್ ಕೂತಿದ್ದ ಹೊರಗಿನ ದೊಡ್ಡ ಫೋಲ್ಡರನ್ನು ನೋಡಿದೆ, ಅದಕ್ಕೆ ಬೀಗ ಬಿದ್ದಿರಲಿಲ್ಲ. ಅದರ ಮಾಲಕರ ಹೆಸರು ಇತ್ತು. ಎರಡೂ ಒಂದೇ ದಿನ ಹುಟ್ಟಿದವು, ಒಬ್ಬರ ಕೈಯಿಂದಲೇ.

‘ಶಗುಫ್ತಾ’ ಎಂದು ಓದಿದೆ.

ಶರೀಫಾಬಿ ಆಗ ಕೂತರು. ‘ಹೇಳಿದಾಕಿ ನಾನು. ನೇಯ್ದಾಕಿ ನಾನು. ಆಕಿ ಹ್ಯಾಂಗ ಮಾಲಕಿ?’

‘ಕಂಪ್ಯೂಟರಿಗೆ ಅದೆಲ್ಲ ಗೊತ್ತಿಲ್ರಿ. ಯಾರ ಕೈಯಾಗ ಹುಟ್ತೋ ಅವರs ಮಾಲಕರು ಅದಕ್ಕ.’

ಅಂಗಡಿಗೆ ಬಂದವನೊಬ್ಬ ಆಧಾರ್ ಝೆರಾಕ್ಸ್ ಕೇಳಿದ, ಮಾಡಿಕೊಟ್ಟೆ. ನನಗೆ ಸುಮ್ಮನೆ ಕೂರಲು ಆಗಲಿಲ್ಲ, ನನ್ನ ತಪ್ಪು ತೊಳೆದುಕೊಳ್ಳುವ ಅವಸರವೂ ಇತ್ತು. ‘ಇನ್ನೊಂದು ದಾರಿ ಐತ್ರಿ. ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಚ್ತೀನಿ. ಮಾಲಕರ ಜಾಗಾದಾಗ ನನ್ನ ಹೆಸರು ಹಾಕ್ಕೊಂಡು ಬೀಗ ತಗೀತೀನಿ. ಅರ್ಧ ತಾಸಿನ ಕೆಲಸ. ಯಾರಿಗೂ ಗೊತ್ತಾಗಂಗಿಲ್ಲ’ ಎಂದೆ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೂ ಆಗಿತ್ತು.

‘ಆಕಿ ಹೆಸರು ತಗದು?’

‘ಹೂಂ.’

‘ಇಡು ಅದನ್ನ ಕೆಳಗ.’

ಇಟ್ಟೆ. ಆಗ ಅವರು ಹೇಳಿದ್ದು ಇದು. ಅವರ ಮನೆಯಲ್ಲಿ ಇನ್ನೊಂದು ಕಟ್ಟಳೆ ಇದೆಯಂತೆ, ಮೊದಲಿನದಕ್ಕಿಂತಲೂ ಗಟ್ಟಿಯಾದದ್ದು. ಮಗ್ಗಕ್ಕೆ ಯಾರು ಏರಿಸಿದರೋ ಅವರೇ ಇಳಿಸಬೇಕು. ಒಬ್ಬಳು ಶುರು ಮಾಡಿದ ಜಮಖಾನವನ್ನು ಅವಳು ಹೂಂ ಅನ್ನದೆ ಇನ್ನೊಬ್ಬಳು ಕತ್ತರಿಸಿ ಇಳಿಸುವ ಹಾಗಿಲ್ಲ. ಬಾಣಂತಿತನಕ್ಕೆ ಹೋದರೂ, ಜಗಳವಾಡಿ ತವರಿಗೆ ಹೋದರೂ, ಕಾಯಬೇಕು. ಒಮ್ಮೆ ಶರೀಫಾಬಿ ಜ್ವರದಿಂದ ಎರಡು ತಿಂಗಳು ಮಲಗಿದಾಗ, ಶಮೀಮಾಬಿ ಮಗ್ಗವನ್ನು ಹಾಗೇ ನಿಲ್ಲಿಸಿದ್ದರಂತೆ. ಗಿರಾಕಿ ಬಂದು ಕೂಗಾಡಿದರೂ ಸೊಸೆಯ ಕೆಲಸ ಮುಟ್ಟಲಿಲ್ಲ.

‘ಏರಿಸಿದಾಕಿ ಶಗುಫ್ತಾ’ ಎಂದರು ಶರೀಫಾಬಿ. ‘ಆಕೀನs ಇಳಸ್ಲಿ. ಫೋನ್ ಹಚ್ಚು.’

ಹಚ್ಚಿದೆ. ತಾಯಿ ಮಗಳು ತಮ್ಮ ಉರ್ದುವಿನಲ್ಲಿ ಮಾತಾಡಿದರು. ಅರ್ಧ ಅರ್ಥವಾಯಿತು ನನಗೆ. ಫೋಲ್ಡರ್ ತೆರೆಯುತ್ತಿಲ್ಲ, ಬಾ ಎಂದರು. ಪಾಸ್‌ವರ್ಡ್ ಹೇಳುತ್ತೇನೆ, ಮಲ್ಲಿಕಕ್ಕ ತೆಗೆಯಲಿ ಎಂದಳು ಮಗಳು. ಬೇಡ, ನೀನೇ ಬಾ ಎಂದರು. ಬೀಗ ಹಾಕಿದ್ದು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಫೋನಿಟ್ಟ ಮೇಲೆ ನನ್ನ ಕಡೆ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಶರೀಫಾಬಿಯ ಮುಖದಲ್ಲಿ ಹೆದರಿಕೆ ಕಂಡೆ.

‘ಆಕಿಗೇ ಹಾಕಿದ್ದೆ ಬೀಗ’ ಎಂದರು. ‘ಲಗ್ನ ಆಗಿ ಹೋಗ್ತಾಳ, ಪೆನ್‌ಡ್ರೈವಿನ್ಯಾಗ ಹಾಕ್ಕೊಂಡು ಒಯ್ದ್ರ ನಮ್ಮ ಅತ್ತಿಗೆ ಏನಂತ ಜವಾಬು ಕೊಡ್ಲಿ ಅಂತ. ಈಗ ಹೇಳೂದ ಹ್ಯಾಂಗ?’

ನನ್ನ ಬಾಯಿಗೆ ಆಗ ಒಂದು ಮಾತೂ ಬರಲಿಲ್ಲ. ಹೇಳಿದೆನಲ್ಲ, ಅದನ್ನು ಮುಚ್ಚಿಸಬಲ್ಲವರು ಅವರೊಬ್ಬರೇ.

ಭಾನುವಾರ ಹನ್ನೊಂದರ ಬಸ್ಸಿಗೆ ಶಗುಫ್ತಾ ಬಂದಿಳಿದಳು. ತಾಯಿ ಆಗಲೇ ಬಂದು ಒಂದು ತಾಸು ಆಗಿತ್ತು. ಚಹಾ ತರಿಸಿದ್ದೆ, ಕುಡಿದಿರಲಿಲ್ಲ. ಶಗುಫ್ತಾ ತಾಯಿಯ ಹಾಗೆಯೇ ಕುಳ್ಳಗೆ, ಆದರೆ ನಗು ಜಾಸ್ತಿ. ಬಂದವಳೇ ಮಾತು ಶುರು: ಅಣ್ಣಿಗೇರಿಯ ಬಿಸಿಲು, ಹೆಡ್‌ಮಾಸ್ತರ ಗೊಣಗಾಟ, ಗಂಡ ನಿಯಾಜ್ ಹೊಸದಾಗಿ ಕಲಿತ ಬಿರಿಯಾನಿ. ಮಾತಾಡುತ್ತಲೇ ತನ್ನ ಖಾತೆಗೆ ಪಾಸ್‌ವರ್ಡ್ ಹೊಡೆದಳು. ಫೋಲ್ಡರಿನ ಮೇಲೆ ಒತ್ತಿದಳು. ಅವಳಿಗೂ ಅನುಮತಿ ಇಲ್ಲ ಎಂದಿತು.

‘ಅರೆ!’ ಎಂದಳು. ಸೆಕ್ಯುರಿಟಿಗೆ ಹೋದಳು. ಪಟ್ಟಿ ತೆರೆಯಿತು.

ಪಟ್ಟಿಯ ಮೊದಲಲ್ಲಿ ಎಲ್ಲರೂ, ಅದರ ಮುಂದೆ ಬಿಡಬೇಡ ಎಂಬ ಸಾಲಿನಲ್ಲಿ ಮೇಲಿಂದ ಕೆಳಗೆ ಗುರುತು. ಅದರ ಕೆಳಗೆ ಶಗುಫ್ತಾಳ ಹೆಸರು, ಅದರ ಕೆಳಗೆ ಇನ್ನೊಂದು ಹೆಸರಿತ್ತು, ಶರೀಫಾಬಿ. ಅವರ ಮುಂದೆ ಬಿಡು ಎಂಬ ಸಾಲಿನಲ್ಲಿ ಮೇಲಿಂದ ಕೆಳಗೆ ಗುರುತು. ಓದಲು, ತಿದ್ದಲು, ಅಳಿಸಲು, ಪಟ್ಟಿಯನ್ನೇ ಬದಲಿಸಲು. ಒಂದನ್ನೂ ಬಿಟ್ಟಿರಲಿಲ್ಲ. ಮೊದಲ ದಿನವೇ ಶಗುಫ್ತಾ ತಾಯಿಗೆ ಎಲ್ಲ ಹಕ್ಕನ್ನೂ ಕೊಟ್ಟಿದ್ದಳು. ಕೊಟ್ಟಿದ್ದರಿಂದಲೇ ತಾಯಿಗೆ ಅವಳನ್ನು ಹೊರಗೆ ಹಾಕಲು ಸಾಧ್ಯವಾಗಿತ್ತು. ಕೋಲು ಕೊಟ್ಟು ಹೊಡೆಸಿಕೊಂಡಳಲ್ಲ ಈ ಹುಡುಗಿ ಅಂದುಕೊಂಡೆ.

‘ಯಾರ ಹಾಕಿದ್ರು ಇದನ್ನ?’ ಎಂದಳು ಶಗುಫ್ತಾ, ನನ್ನ ಕಡೆ ತಿರುಗಿ.

ನಾನು ಹಾಕಿದೆ ಎಂದುಬಿಡಲು ಬಾಯಿ ತೆರೆದೆ. ಅರ್ಧ ನಿಜವೂ ಆಗುತ್ತಿತ್ತು.

‘ನಾನ ಹಾಕೀನಿ’ ಎಂದರು ಶರೀಫಾಬಿ. ‘ನಿನಗಂತ ಹಾಕೀನಿ. ಲಗ್ನದ ನಾಕ ದಿನ ಮೊದಲ.’

ಶಗುಫ್ತಾಳ ನಗು ನಿಂತಿತು. ಪಟ್ಟಿಯನ್ನು ನೋಡಿದಳು. ಮತ್ತೆ ತಾಯಿಯನ್ನು ನೋಡಿದಳು. ‘ನಾ ಒಯ್ಯೂದಿದ್ರ ಎಂಟ ತಿಂಗಳಿತ್ತಲ್ಲಮ್ಮಾ’ ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಶರೀಫಾಬಿ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಆಮೇಲೆ ಶಗುಫ್ತಾ ತಿರುಗಿ ಕೂತು, ಎಲ್ಲರೂ ಎಂಬ ಸಾಲನ್ನು ಆರಿಸಿ ತೆಗೆದುಹಾಕಿದಳು. ಒಂದು ಕ್ಷಣದ ಕೆಲಸ. ಫೋಲ್ಡರ್ ತೆರೆಯಿತು. ನಲವತ್ತಮೂರು ನಕ್ಷೆ. ನವಿಲಿನದನ್ನು ಒತ್ತಿದಳು. ಪರದೆ ತುಂಬ ಮೂವತ್ತೆರಡು ನವಿಲು ಬಂದು ನಿಂತವು, ಕೆಂಪು ನೆಲದ ಮೇಲೆ ಹಸಿರು, ಬಿಳಿ, ಹಳದಿ. ಒಂದು ಕತ್ತು ತಿರುಗಿಸಿದೆ, ಒಂದು ಕಾಳು ಹೆಕ್ಕುತ್ತಿದೆ, ಒಂದು ಬೆನ್ನು ಕೆರೆದುಕೊಳ್ಳುತ್ತಿದೆ. ನಾನು ಅದನ್ನು ನೋಡಿದ್ದು ಅದೇ ಮೊದಲು. ‘ಅಯ್ಯ ನನ್ನವ್ವ’ ಎಂದೆ.

ಶರೀಫಾಬಿ ಕನ್ನಡಕ ಹಾಕಿಕೊಂಡು ಬಾಗಿದರು. ಬೆರಳನ್ನು ಸಾಲುಸಾಲಾಗಿ ಸರಿಸುತ್ತ ಹೋದರು. ನಡುವಿನ ನವಿಲುಗಳ ಹತ್ತಿರ ಬಂದರು. ನಂತರ ಬೆರಳು ನಿಂತಿತು.

‘ಇದೇನ ಬರದೀ?’

‘ಏನಮ್ಮಾ?’

‘ನವಿಲಿನ ಕಾಲು. ಹದಿನಾಲ್ಕ ಸಾಲು ನೆಟ್ಟಗ ಮ್ಯಾಲ ಹೋಗೇತಿ. ಹಿಂಗ ನೇಯ್ದ್ರ ಸೀಳ ಬೀಳ್ತೈತಿ. ಈ ಬಣ್ಣ ಇಲ್ಲಿಗೆ ತಿರಗ್ತೈತಿ, ಆ ಬಣ್ಣ ಅಲ್ಲಿಗೆ ತಿರಗ್ತೈತಿ, ನಡಕ ಯಾವುದೂ ಹಿಡಿಯೂದಿಲ್ಲ. ಬೆರಳ ತೂರುವಷ್ಟು ತೂತ ಬೀಳ್ತೈತಿ. ಎರಡ ಸಾಲಿಗೊಮ್ಮೆ ಒಂದ ಎಳಿ ಜರಗಿಸಬೇಕು.’

‘ನೀ ಜರಗಸು ಅಂತ ಹೇಳಲಿಲ್ಲ.’

‘ಹೇಳಿದ್ನಿ.’

‘ಇಲ್ಲಮ್ಮಾ. ಕಪ್ಪು ಎರಡು, ಕಪ್ಪು ಎರಡು, ಹಂಗs ಹದಿನಾಲ್ಕ ಸಲ ಹೇಳಿದಿ. ನಾ ಅಷ್ಟs ತುಂಬಿನಿ.’

ಶರೀಫಾಬಿ ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲಿ ಎದ್ದಿತು. ಬಾಯಿ ಕಪ್ಪು ಎರಡು, ಕಪ್ಪು ಎರಡು ಎನ್ನುತ್ತಿತ್ತು. ಬೆರಳು ಮಾತ್ರ ಎರಡು ಸಲಕ್ಕೊಮ್ಮೆ ಒಂದಿಷ್ಟು ಎಡಕ್ಕೆ ಸರಿದು, ಮತ್ತೆ ಬಲಕ್ಕೆ ಬರುತ್ತಿತ್ತು. ನಾವಿಬ್ಬರೂ ನೋಡಿದೆವು. ಕಣ್ಣು ತೆರೆದಾಗ ಅವರೂ ತಮ್ಮ ಬೆರಳನ್ನು ನೋಡಿಕೊಂಡರು.

‘ಬಾಯಾಗ ಇಲ್ಲ ಅದು’ ಎಂದರು. ‘ಕೈಯಾಗ ಐತಿ.’

‘ಮಗ್ಗಕ್ಕ ಕುಂತಿದ್ರ ನನಗೂ ಗೊತ್ತಾಗ್ತಿತ್ತು’ ಎಂದಳು ಶಗುಫ್ತಾ, ಮೆಲ್ಲಗೆ. ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು.

ನನಗೆ ಆಗ ಹೊಳೆಯಿತು: ಎರಡು ವರ್ಷ ಆ ಫೋಲ್ಡರಿಗೆ ಬೀಗ ಹಾಕಿ ಕಾಯ್ದದ್ದೆಲ್ಲ ವ್ಯರ್ಥವೇ. ಯಾರಾದರೂ ಕದ್ದು ಒಯ್ದಿದ್ದರೆ, ಅವರ ಜಮಖಾನದ ತುಂಬ ತೂತು ಬೀಳುತ್ತಿದ್ದವು. ಕಾಯಬೇಕಾದದ್ದು ಶರೀಫಾಬಿಯ ಸವೆದ ಹೆಬ್ಬೆರಳಿನ ಪಕ್ಕದ ಬೆರಳುಗಳಲ್ಲೇ ಇತ್ತು, ಅದಕ್ಕೆ ಪ್ರತಿಯೂ ಇರಲಿಲ್ಲ, ಬೀಗವೂ ಇರಲಿಲ್ಲ. ಇದನ್ನು ಹೇಳಿಬಿಡೋಣ ಎಂದು ತಿರುಗಿದೆ. ಹೇಳುವ ಅಗತ್ಯ ಬೀಳಲಿಲ್ಲ. ಅವರ ಮುಖ ನೋಡಿದರೆ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದರು.

‘ಸಂಜಿ ಬಸ್ಸು ಎಷ್ಟಕ್ಕ ಐತಿ ನಿನಗ?’ ಎಂದು ಮಗಳನ್ನು ಕೇಳಿದರು.

‘ಆರಕ್ಕ.’

‘ಏಳು ಹಂಗಾರ. ಹೋಗೂಣು.’

‘ಎಲ್ಲಿಗಮ್ಮಾ?’

‘ಮಗ್ಗ ಖಾಲಿ ನಿಂತೈತಿ. ಕಾಲಿನ ತನ ಬರೂದ್ರಾಗ ನಾಕ ಭಾನುವಾರ ಬೇಕು. ಇವತ್ತ ಅಂಚು ಹಿಡದ ಬಿಡೂಣು.’

ಶಗುಫ್ತಾ ಏಳಲಿಲ್ಲ. ಅವಳಿಗೆ ಅರ್ಥವಾಗಿತ್ತು, ನಂಬಿಕೆಯಾಗಿರಲಿಲ್ಲ. ‘ದಾದಿ ಏನಂತಾರಮ್ಮಾ?’ ಎಂದಳು. ದಾದಿ ಎಂದರೆ ಅವಳ ಅಜ್ಜಿ, ಸತ್ತು ಇಪ್ಪತ್ತು ವರ್ಷವಾದ ಶಮೀಮಾಬಿ.

‘ಆಕಿಗೆ ನಾ ಹೇಳ್ತೀನಿ’ ಎಂದರು ಶರೀಫಾಬಿ. ‘ಸೊಸಿ ಬರಲಿಲ್ಲತ್ತಿ, ಕಾದ್ನಿ, ಬರಲಿಲ್ಲ. ಮಗಳು ಹೋದಾಕಿ ತಿರುಗಿ ಬಂದ್ಲು ಅಂತ ಹೇಳ್ತೀನಿ. ಬೈದ್ರ ನನ್ನ ಬೈಲಿ.’ ಎಂದು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಿಟ್ಟರು.

ಹೊರಡುವ ಮೊದಲು ಪಟ್ಟಿಯನ್ನು ಸರಿಮಾಡಿದೆವು, ಈ ಸಲ ನಿಧಾನವಾಗಿ. ಎರಡೇ ಹೆಸರು, ಎರಡಕ್ಕೂ ಎಲ್ಲ ಹಕ್ಕು. ಬಿಡಬೇಡ ಎಂಬ ಸಾಲನ್ನು ಮುಟ್ಟಲೇ ಇಲ್ಲ. ಯಾರನ್ನಾದರೂ ಹೊರಗಿಡಬೇಕಿದ್ದರೆ ಅವರ ಹೆಸರನ್ನು ಪಟ್ಟಿಗೆ ಸೇರಿಸದೆ ಇದ್ದರೆ ಸಾಕು ಎಂದು ಶರೀಫಾಬಿಗೆ ಮೂರು ಸಲ ಹೇಳಿದೆ. ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಿ ಶಗುಫ್ತಾಳ ಕೈಗೆ ಕೊಟ್ಟೆ. ತಾಯಿ ತಡೆಯಲಿಲ್ಲ. ಅಂಗಡಿಯ ಬಾಗಿಲು ಎಳೆದು ನಾನೂ ಹಿಂದೆ ಹೊರಟೆ. ಭಾನುವಾರ, ಗಿರಾಕಿ ಕಡಿಮೆ, ಅದಕ್ಕಿಂತ ಹೆಚ್ಚಾಗಿ ತಡೆಯಲಾಗಲಿಲ್ಲ.

ಅಂಗಳದಲ್ಲಿ ದಾವೂದಸಾಬರು ನೂಲಿನ ಲಡಿ ಒಣಹಾಕುತ್ತಿದ್ದರು. ಹೆಂಡತಿ ಮಗಳ ಕೈ ಹಿಡಿದು ಪರದೆಯ ಕಡೆ ಹೋಗುವುದನ್ನು ನೋಡಿ, ಲಡಿ ಹಿಡಿದ ಹಾಗೇ ನಿಂತುಬಿಟ್ಟರು. ಶಗುಫ್ತಾ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಒಂದು ಸಲ ತಂದೆಯ ಕಡೆ ನೋಡಿದಳು. ದಾವೂದಸಾಬರು ಹೋಗು ಎಂಬಂತೆ ತಲೆಯಾಡಿಸಿದರು. ಅವಳು ಹುಟ್ಟಿ ಬೆಳೆದ ಮನೆಯ ಆ ಕೋಣೆಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಒಳಗೆ ಹೋದಳು.

ನಾನೂ ಎರಡು ಹೆಜ್ಜೆ ಮುಂದಿಟ್ಟೆ. ‘ಖಾಲಾ, ಹೆಂಗೂ ಇವತ್ತ ಎಲ್ಲಾ ತಗದೈತಿ. ನಾನೂ ಒಂದ ಸಲ…’

ಪರದೆಯ ಸಂದಿಯಿಂದ ಶರೀಫಾಬಿಯ ಮುಖ ಹೊರಬಂತು. ‘ನಿನ್ನ ಹೆಸರು ಪಟ್ಟ್ಯಾಗ ಇಲ್ಲ. ಕೂಡು ಅಲ್ಲೇ, ಚಾ ಕುಡಿ.’

ಕೂತೆ. ದಾವೂದಸಾಬರು ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು. ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಣಿಗೆಯ ಸದ್ದು ಬಂತು, ಧಪ್ ಧಪ್ ಧಪ್, ನಾನು ಹತ್ತು ವರ್ಷದಿಂದ ಕೇಳಿದ್ದೇ. ಅದು ನಿಂತಿತು. ಮತ್ತೊಂದು ಸದ್ದು ಬಂತು, ಒಂದು ಧಪ್, ಬಹಳ ಹೊತ್ತು ಬಿಟ್ಟು ಇನ್ನೊಂದು, ಹೆದರಿ ಹೆದರಿ ಬಡಿದಂತೆ. ದಾವೂದಸಾಬರು ಬಟ್ಟಲನ್ನು ಕೆಳಗಿಟ್ಟು ಟವೆಲಿನಿಂದ ಕಣ್ಣೊರೆಸಿಕೊಂಡರು. ನನ್ನದೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

‘ಜೋರ ಹೊಡಿ’ ಎಂದು ಒಳಗಿನಿಂದ ಶರೀಫಾಬಿ ಗದರಿಸಿದರು. ‘ನವಿಲೇನ್ ಎದ್ದು ಓಡಿ ಹೋಗಂಗಿಲ್ಲ.’